ಹೊನ್ನಾಳಿದು, ಜಗಳೂರಿದು

ಮೊನ್ನೆ ನನ್ನ ಮೊಮ್ಮಗಳು ಅಟ್ಟ ಹತ್ತಿ ಒಂದು ಗಾಜಿನ ಬಾಟಲಿ ಹುಡುಕಿ ತಂದಳು. ಮೊಮ್ಮಗಳು ಎಂದು ಬರೆದೆನಲ್ಲ, ಇನ್ನು ಬಾಟಲಿ ಸ್ವಲ್ಪ ಕಾಯಬೇಕು. ಅವಳ ಹೆಸರು ರೂಪಾ. ಚನ್ನಗಿರಿಯಲ್ಲಿ ಒಂದನೇ ಕ್ಲಾಸು ಮುಗಿಸಿ ರಜೆಗೆಂದು ನ್ಯಾಮತಿಗೆ, ನಮ್ಮ ಮನೆಗೆ ಬಂದಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ಆ ಸಂದಿಯಿಂದ ಅವಳು “ಅಜ್ಜಿ” ಎಂದರೆ ಅರ್ಧ ಮಾತು, ಅರ್ಧ ಸೀಟಿ. ಕರೆದರೂ ಕೇಳಿಸದವಳ ಹಾಗೆ ಕೂತಿರುತ್ತೇನೆ, ಇನ್ನೊಮ್ಮೆ ಕರೆಯಲಿ ಎಂದು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ. “ಏನೇ ಇದು, ದಿನಾ ಒಲಿಗೇ ಹಾಲು ಕುಡಿಸ್ತೀಯಲ್ಲ!” ಎಂದು ನಮ್ಮ ಮನೆಯವರು ಗದರಿಸುತ್ತಾರೆ. ನಾನೇ ಉಕ್ಕುತ್ತಿರುವಾಗ ಹಾಲನ್ನು ಹಿಡಿದು ನಿಲ್ಲಿಸುವವರು ಯಾರು, ನೀವೇ ಹೇಳಿ.

“ಅಜ್ಜೀ, ಈ ಬಾಟ್ಲಿಗೆ ಗರಗಸ ಯಾಕೆ ಅಂಟ್ಸಿದಾರೆ?”

ನೋಡಿದೆ. ಬಾಟಲಿಯ ಪಕ್ಕದಲ್ಲಿ ಉದ್ದಕ್ಕೆ ಹಳೆಯ ಕಾಗದದ ಪಟ್ಟಿ, ಅದರ ಅಂಚು ಹಲ್ಲು ಹಲ್ಲಾಗಿ. ಗರಗಸವೇ ಸರಿ. ರೂಪಾ ಅದರೊಳಗೆ ಕುಂಕುಮದ ನೀರು ತುಂಬಿಸಿ ಕಿಟಕಿಯ ಬಿಸಿಲಿಗೆ ಹಿಡಿದಳು. ಗೋಡೆಯ ಮೇಲೆ ಒಂದು ಗುಲಾಬಿ ಬೆಳಕು ಅಲುಗಾಡಿತು. ಅವಳು ಬಾಟಲಿ ಬಿಟ್ಟು ಆಡಲು ಓಡಿದಳು. ನಾನು ಮಾತ್ರ ಆ ಬೆಳಕಿನ ಹಿಂದೆ ಹೋದವಳು ಇನ್ನೂ ಪೂರ್ತಿ ವಾಪಸು ಬಂದಿಲ್ಲ.

ಈಗ ಔಷಧಿಯೆಲ್ಲ ಕಂಪನಿಯಿಂದಲೇ ಮುಚ್ಚಳ ಬಿಗಿದುಕೊಂಡು ಬರುತ್ತದೆ. ಆರೇಳು ವರ್ಷದ ಹಿಂದೆ, ಎಪ್ಪತ್ತರ ದಶಕದಲ್ಲಿ, ಹಾಗಿರಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಮನೆಯಿಂದಲೇ ಬಾಟಲಿ ಒಯ್ಯಬೇಕಿತ್ತು. ಕಾಂಪೌಂಡರು ಅದಕ್ಕೆ ಗುಲಾಬಿ ಬಣ್ಣದ ಮಿಕ್ಸ್‌ಚರ್ ಸುರಿದು, ಒಂದು ಕಾಗದದ ಪಟ್ಟಿ ಮಡಿಸಿ, ಕತ್ತರಿಯಲ್ಲಿ ಕಚಕಚ ಕತ್ತರಿಸಿ, ಬಿಡಿಸಿ, ಗೋಂದು ಹಚ್ಚಿ ಅಂಟಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಔಷಧಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಯಾರ ಹಂಗೂ ಇಲ್ಲದೆ ಓದಲು ಬರುತ್ತಿದ್ದ ಇಂಗ್ಲಿಷು ಅದೊಂದೇ.

ನಮ್ಮತ್ತೆ ನೀಲಮ್ಮ ಅದಕ್ಕೆ ಮೆಟ್ಟಿಲು ಎನ್ನುತ್ತಿದ್ದರು. “ಇವತ್ತಿಗೆ ಒಂದು ಮೆಟ್ಲು ಇಳಿದೆ ಕಣೆ ಶಾಂತಾ” ಎಂದು ಬಾಟಲಿಯನ್ನು ಗೂಡಿನಲ್ಲಿಡುತ್ತಿದ್ದರು, ಬಾವಿಗೆ ಇಳಿದು ನೀರು ತಂದವರ ಹಾಗೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ಕಣ್ಣು ಮುಚ್ಚಿದರೆ ಆ ಗುಲಾಬಿ ಬಾವಿಗೆ ನಿಧಾನವಾಗಿ ಇಳಿಯುತ್ತಿರುವ ಹಾಗೆ ಕಾಣುತ್ತಾರೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಒಂದು ಕೈಯಲ್ಲಿ ಸೀರೆಯ ನಿರಿಗೆ.

ಆ ಕರಡಿಗೆಯ ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ನಮ್ಮತ್ತೆ ಲಿಂಗಕ್ಕೆ ತೋರಿಸದೆ ಗುಟುಕು ನೀರನ್ನೂ ಕುಡಿದವರಲ್ಲ. ರೊಟ್ಟಿಯಿರಲಿ, ಮಜ್ಜಿಗೆಯಿರಲಿ, ಯಾರೋ ದಾರಿಯಲ್ಲಿ ಕೊಟ್ಟ ನಾಲ್ಕು ಕಡಲೆಕಾಯಿಯಿರಲಿ, ಮೊದಲು ಲಿಂಗಕ್ಕೆ. ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಬಿಡುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ. ಉಂಡ ತಟ್ಟೆಯನ್ನು ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದು ಏಳುತ್ತಿದ್ದರು.

ಗುಳಿಗೆಗೂ ಅದೇ ಕಾಯಿದೆ. ಪೊಟ್ಟಣ ಮನೆಗೆ ಬಂದ ಕೂಡಲೇ ದೇವರ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಇಡೀ ಪೊಟ್ಟಣ ಅರ್ಪಣೆ. ಆಮೇಲೆ ಅದು ಹೊನ್ನಾಳಿಯ ಡಾಕ್ಟರದ್ದಲ್ಲ, ಶಿವನದ್ದು. ಮಿಕ್ಸ್‌ಚರ್ ಮುಗಿದ ದಿನ ಬಾಟಲಿಗೆ ನೀರು ಹಾಕಿ, ಗಲಗಲ ಅಲ್ಲಾಡಿಸಿ, ಅದನ್ನೂ ಕುಡಿಯುತ್ತಿದ್ದರು. ಕಾಂಪೌಂಡರು ಒಮ್ಮೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ನಿಮ್ಮನೆ ಬಾಟ್ಲಿ ತೊಳಿಯೋದೇ ಬ್ಯಾಡ ನೋಡ್ರಿ. ಯಾವ ಸೋಪು ಹಾಕ್ತೀರಿ?” ಎಂದು ನಮ್ಮ ಮನೆಯವರನ್ನು ಕೇಳಿದ್ದರಂತೆ. “ನಮ್ಮವ್ವ ಹಾಕ್ತಾಳೆ, ಹೊಟ್ಟಿ ಒಳಗಿಂದ” ಎಂದು ಇವರು ಉತ್ತರ ಕೊಟ್ಟು ಬಂದರು.

ನಾನು ಹುಟ್ಟಿದ ಉಬ್ರಾಣಿಯಲ್ಲಿ ಇಷ್ಟೆಲ್ಲ ಔಷಧಿ ಇರಲಿಲ್ಲ. ಒಂದೇ ಇತ್ತು, ಹರಳೆಣ್ಣೆ. ಅಪ್ಪ ನಮ್ಮನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಮೂಗು ಹಿಡಿದು ಕುಡಿಸುತ್ತಿದ್ದ. ಕುಡಿದವರಿಗೆ ಬೆಲ್ಲದ ತುಣುಕು. ನಾನು ಬೆಲ್ಲದ ಆಸೆಗೆ ಸಾಲಿನ ಕೊನೆಗೆ ಹೋಗಿ ಎರಡನೇ ಸಲ ಕೂತು, ಎರಡನೇ ಸಲ ಕುಡಿದು, ಆ ದಿನವೆಲ್ಲ ಅನುಭವಿಸಿದ್ದೇನೆ. ಅದರ ವಿವರ ಬೇಡ. ಮದುವೆಯಾಗಿ ನ್ಯಾಮತಿಗೆ ಬರುವಾಗ ಬಸ್ಸು ಸೂಳೆಕೆರೆಯ ಪಕ್ಕದಲ್ಲಿ ಬಂತು. ನೀರಿನ ಮೇಲಿಂದ ಬಂದ ಗಾಳಿಗೆ ಹೊಸ ಸೀರೆ ಉಟ್ಟುಕೊಂಡೇ ನಿದ್ದೆ ಹೋಗಿಬಿಟ್ಟೆ. ಎಚ್ಚರವಾದಾಗ ತಲೆ ಅತ್ತೆಯ ತೋಳಿನ ಮೇಲಿತ್ತು. ಅವರು ಕೈ ಜೋಮು ಹಿಡಿದರೂ ತೆಗೆದಿರಲಿಲ್ಲ. ಅವರ ಬಗ್ಗೆ ನನಗೆ ಮೊದಲು ಗೊತ್ತಾದದ್ದು ಆ ತೋಳೇ.

ಆ ತೋಳಿಗೆ ನ್ಯಾಮತಿಯಲ್ಲಿ ಬೇರೆಯೇ ಹೆಸರಿತ್ತು. ನಮ್ಮ ಓಣಿಯ ಕೂಸುಗಳಿಗೆಲ್ಲ ನೀರು ಎರೆದವರು ನಮ್ಮತ್ತೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲಿನ ತೊಟ್ಟಿಲಲ್ಲಿ ಮಲಗಿಸಿ, ಎಣ್ಣೆ ನೀವಿ, ಹಂಡೆಯ ನೀರನ್ನು ಅಂಗೈಯಿಂದ ಹಾಯಿಸಿ ಹಾಯಿಸಿ ಎರೆಯುತ್ತಿದ್ದರೆ, ಮೊದಲು ಚೀರುತ್ತಿದ್ದ ಕೂಸು ನಡುವೆ ಸುಮ್ಮನಾಗಿ, ಕೊನೆಗೆ ಆಕಳಿಸುತ್ತಿತ್ತು. ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರ ಮೂಗನ್ನು ತೋರಿಸಿ, “ಅದು ಚಪ್ಪಟಿ ಇತ್ತು, ನಾನೇ ತಿದ್ದಿದ್ದು” ಎನ್ನುತ್ತಿದ್ದರು. ಆ ಗಂಡಸರು ನಮ್ಮ ಮನೆಯ ಮುಂದೆ ಸ್ವಲ್ಪ ಬೇಗ ಬೇಗ ನಡೆಯುತ್ತಿದ್ದರು.

ವಯಸ್ಸಾಗುತ್ತಾ ಅವರಿಗೆ ಬಿ.ಪಿ. ಬಂತು, ಮಂಡಿ ನೋವು ಬಂತು, ಹೊಟ್ಟೆಯುಬ್ಬರ ಬಂತು. ಒಂದೊಂದಕ್ಕೆ ಒಂದೊಂದು ಊರಿನಿಂದ ಔಷಧಿಯೂ ಬಂತು. ಬಿ.ಪಿ.ಯ ಬಿಳಿ ಗುಳಿಗೆಯನ್ನೂ ಹೊಟ್ಟೆಯ ಮಿಕ್ಸ್‌ಚರನ್ನೂ ಹೊನ್ನಾಳಿಯಿಂದ ತರುವವರು ನಮ್ಮ ಮನೆಯವರು. ಮಂಡಿಗೆ ಲೇಹ್ಯ ಕಳಿಸುವವರು ಚನ್ನಗಿರಿಯ ಬೀಗರು, ಅಂದರೆ ನಮ್ಮ ಮಗಳು ಸುಮಿತ್ರಳ ಅತ್ತೆಮನೆಯವರು. ರೂಪಾ ಹುಟ್ಟಿದ ವರ್ಷ ನಮ್ಮತ್ತೆ ಜಗಳೂರಿನಲ್ಲಿರುವ ಮಗಳು ಗಿರಿಜಳ ಮನೆಗೆ ಹೋಗಿ ಬೇಸಿಗೆಯೆಲ್ಲ ಇದ್ದರು. ಅಲ್ಲಿಗೆ ಒಯ್ದ ಗುಳಿಗೆ ಮುಗಿದು ತಲೆನೋವು ಬಂತು. ಗಿರಿಜ ಅಲ್ಲಿಯ ಡಾಕ್ಟರಿಗೆ ತೋರಿಸಿದಳು. ಹಾಗೆ ಜಗಳೂರಿನಿಂದ ಒಂದು ಹಳದಿ ಗುಳಿಗೆ ನಮ್ಮ ಮನೆಗೆ ಬಂದು ಸೇರಿತು. ಗಿರಿಜ ಬಂದಾಗಲೆಲ್ಲ ಒಂದು ಪೊಟ್ಟಣ ತರುತ್ತಿದ್ದಳು. ಬರದಿದ್ದರೆ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು.

ಗುಳಿಗೆಯ ಹೆಸರು ನಮಗೆ ಯಾರಿಗೂ ಬಾರದು. ಊರಿನ ಹೆಸರಲ್ಲೇ ನಮ್ಮ ವ್ಯವಹಾರ.

“ಅತ್ತೇ, ಹೊನ್ನಾಳಿದು ತಗಂಡ್ರಾ?”

“ಹೊನ್ನಾಳಿದು ಆತು. ಜಗಳೂರಿದು ಇನ್ನೂ ಬಸ್ಸು ಬಂದಿಲ್ಲ.”

ಬಸ್ಸು ಎಂದರೆ ಸವಳಂಗದ ಬಸ್ಸು. ಅವರಿಗೆ ಗಡಿಯಾರ ನೋಡಲು ಬಾರದು, ನನಗೆ ಬಂದರೂ ನಮ್ಮ ಗಡಿಯಾರಕ್ಕೆ ಸರಿಯಾಗಿ ನಡೆಯಲು ಬಾರದು. ಆದ್ದರಿಂದ ಬೆಳಗಿನ ಗುಳಿಗೆ ಪೂಜೆಯಾದ ಮೇಲೆ, ಹಳದಿಯದು ಸವಳಂಗದ ಬಸ್ಸು ಹಾರನ್ ಹೊಡೆದ ಮೇಲೆ, ಮಿಕ್ಸ್‌ಚರ್ ನಮ್ಮ ಮನೆಯವರು ಊಟ ಮಾಡಿ ತೇಗಿದ ಮೇಲೆ, ಲೇಹ್ಯ ದೀಪ ಹಚ್ಚಿದ ಮೇಲೆ. ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಬರಲೇ ಇಲ್ಲ. ನಮ್ಮತ್ತೆ ಅಂಗೈಯಲ್ಲಿ ಹಳದಿ ಗುಳಿಗೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೇ ಇದ್ದರು, ಮನೆಗೆ ಬರಬೇಕಾದ ನೆಂಟರಿಗೆ ಕಾದವರ ಹಾಗೆ.

ನೋಡಿ, ನನಗೆ ಆಗ ಗುಳಿಗೆಗಳೆಂದರೆ ನೆಂಟರೇ ಆಗಿದ್ದರು. ಮಗ ತಂದದ್ದು, ಮಗಳು ಕೊಟ್ಟದ್ದು, ಬೀಗರು ಕಳಿಸಿದ್ದು. ಯಾವುದನ್ನು ಬೇಡ ಎನ್ನುತ್ತೀರಿ? ಜೊತೆಗೆ ಎಲ್ಲವೂ ಲಿಂಗಕ್ಕೆ ಮುಟ್ಟಿದ್ದು. ನಮ್ಮ ಮನೆಯ ಗೂಡಿಗೆ ಔಷಧಿ ಬಂದು ಸೇರುವ ದಾರಿ ಗೊತ್ತಿತ್ತು, ಹೊರಗೆ ಹೋಗುವ ದಾರಿ ಗೊತ್ತಿರಲಿಲ್ಲ.

ಹೀಗಿರುವಾಗ ಸುಮಿತ್ರ ಚೊಚ್ಚಲ ಹೆರಿಗೆಗೆ ಬಂದಳು. ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಗಿತ್ತು. ರೂಪಾ ಹುಟ್ಟಿದಳು. ನಾನು ಅಜ್ಜಿಯಾದೆ!

ಅವತ್ತು ನಾನು ಹಾಲಿನವಳಿಗೆ ಸಕ್ಕರೆ ಕೊಟ್ಟೆ, ಕೊಟ್ಟದ್ದು ಮರೆತು ಮತ್ತೆ ಕೊಟ್ಟೆ, ದಾರಿಯಲ್ಲಿ ಹೋಗುತ್ತಿದ್ದ ಬಳೆಗಾರನನ್ನು ನಿಲ್ಲಿಸಿ ಅವನಿಗೂ ಕೊಟ್ಟೆ. “ಯಾವ ಬಳೆ ಬೇಕ್ರಿ?” ಎಂದ. “ಬಳೆ ಬ್ಯಾಡಪ್ಪ, ನಂಗೆ ಮೊಮ್ಮಗಳು ಹುಟ್ಟ್ಯಾಳೆ, ಬಾಯಿ ತೆಗಿ” ಎಂದೆ. ಪಾಪ, ಅವನು ಬುಟ್ಟಿ ಹೊತ್ತುಕೊಂಡೇ ಬಾಯಿ ತೆಗೆದ.

ಕೂಸು ಮನೆಗೆ ಬಂದ ದಿನದಿಂದ ನಮ್ಮತ್ತೆಯ ಕಣ್ಣು ಬಚ್ಚಲ ಮೇಲೆ. ಮರಿಮಗಳಿಗೆ ತಾವೇ ನೀರು ಎರೆಯಬೇಕು. ಊರಿನ ಕೂಸುಗಳಿಗೆಲ್ಲ ಎರೆದದ್ದು ಈ ಒಂದು ಕೂಸಿಗಾಗಿ ಕೈ ರೂಢಿ ಮಾಡಿಕೊಳ್ಳಲಿಕ್ಕೋ ಎನ್ನುವ ಹಾಗೆ ಹಂಡೆಯನ್ನು ತಾವೇ ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದರು. ಆದರೆ ಕೆಲವು ತಿಂಗಳಿಂದ ಅವರಿಗೆ ಮೈಯಲ್ಲಿ ಸರಿಯಿರಲಿಲ್ಲ. ಕೂತು ಏಳುವಾಗ ಗೋಡೆ ಹಿಡಿಯುತ್ತಿದ್ದರು.

“ಏನಾಗ್ತೈತೆ ಅತ್ತೇ?”

“ಏನಿಲ್ಲ. ಸೂಳೆಕೆರಿ ಮ್ಯಾಲೆ ತೆಪ್ಪದಾಗೆ ಕುಂತಂಗೆ ಆಗ್ತೈತೆ. ಆರಾಮಾಗೇ ಐತೆ ಬಿಡು, ತೇಲ್ತಾ ಇದೀನಿ.”

ತೇಲುವುದು ಎಂದರೆ ನನಗೂ ಆಗ ಹಿತವಾಗಿಯೇ ಕೇಳಿಸಿತು. ಇಡೀ ಮನೆಯೇ ತೇಲುತ್ತಿತ್ತಲ್ಲ, ಲೋಬಾನದ ಹೊಗೆಯಲ್ಲಿ, ಹಾಲಿನ ವಾಸನೆಯಲ್ಲಿ, ಕೂಸಿನ ಆಕಳಿಕೆಯಲ್ಲಿ.

ಮೊದಲ ಬಾರಿ ನೀರು ಎರೆಯುವ ದಿನ ಬಂತು. ನಮ್ಮತ್ತೆ ಮಣೆಯ ಮೇಲೆ ಕೂತರು, ಕಾಲು ಚಾಚಿದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀರಿನ ಹದ ನೋಡಲು ಅವರು ಹಂಡೆಯ ಕಡೆ ಬಗ್ಗಿದರು. ತಲೆ ಎತ್ತುವಾಗ ಕಣ್ಣು ಮೇಲಾಯಿತು. ಕೈಯಲ್ಲಿದ್ದ ಚೆಂಬು ಜಾರಿ ಅವರದೇ ಕಾಲಿನ ಮೇಲೆ, ಕೂಸು ಮಲಗಬೇಕಾದ ಜಾಗದ ಮೇಲೆಯೇ ಬಿತ್ತು. ನೀರು ಸುಡುವಷ್ಟೇನೂ ಇರಲಿಲ್ಲ. ಕೂಸು ಇನ್ನೂ ನನ್ನ ತೋಳಿನಲ್ಲೇ ಇತ್ತು. ಏನೂ ಆಗಲಿಲ್ಲ.

ನಮ್ಮತ್ತೆ ಮಾತ್ರ ತಮ್ಮ ಒದ್ದೆ ಕಾಲನ್ನೇ ನೋಡುತ್ತಾ ಕೂತರು. ಆಮೇಲೆ ಗೋಡೆ ಹಿಡಿದು ಎದ್ದು ನಿಂತು ಹೇಳಿದರು: “ಇನ್ ಮ್ಯಾಲೆ ಕೂಸಿನ್ನ ನನ್ ಕೈಗೆ ಕೊಡಬ್ಯಾಡ್ರಿ.”

“ಅವ್ವಾ, ಒಂದಿನ ತಲೆ ಸುತ್ತಿದ್ರೆ ಏನಾತು?” ಎಂದರು ನಮ್ಮ ಮನೆಯವರು.

“ಕೈ ಹೋತು ಕಣಪ್ಪಾ. ನನ್ ಕೈ ಹೋತು.”

ಅಂದಿನಿಂದ ನಾನೇ ನೀರು ಎರೆಯಬೇಕಾಯಿತು. ನನ್ನ ಕಾಲು ಸಪೂರ, ಕೈ ಅವಸರ. ಕೂಸು ಮೀನಿನ ಹಾಗೆ ಜಾರುತ್ತಿತ್ತು, ಓಣಿಗೆಲ್ಲ ಕೇಳುವ ಹಾಗೆ ಚೀರುತ್ತಿತ್ತು. ನಮ್ಮತ್ತೆ ಒಳಗೆ ಬರುತ್ತಿರಲಿಲ್ಲ. ಬಚ್ಚಲ ಗೋಡೆಯ ಆಚೆ ಬೆನ್ನು ಒರಗಿಸಿ ಕೂತು ಅಲ್ಲಿಂದಲೇ ಹೇಳುತ್ತಿದ್ದರು.

“ನೀರು ಬಿಸಿ ಆತು ಕಣೆ.”

“ನಿಮ್ಗೆ ಹೆಂಗೆ ಗೊತ್ತಾತು ಅಲ್ಲಿಂದ?”

“ಅಳಾದು ಕೇಳಿದ್ರೆ ಗೊತ್ತಾಗಲ್ಲೇನು? ತಣ್ಣೀರು ಬೆರಸು… ಹ್ಞಾ, ಈಗ ಸರಿ. ಕುತಿಗಿ ಹಿಡಿ, ಬಿಗಿಯಾಗಿ ಅಲ್ಲ. ಕಿವಿಗೆ ಕೈ ಅಡ್ಡ ಇಡು.”

ಗೋಡೆಯೇ ಮಾತಾಡಿದ ಹಾಗೆ ಕೇಳುತ್ತಿತ್ತು. ಕೂಸು ಕೂಡ ಆ ದನಿಗೆ ಸ್ವಲ್ಪ ಸುಮ್ಮನಾಗುತ್ತಿತ್ತು. ನೀರು ಎರೆದು ಮುಗಿಸಿ ಹೊರಗೆ ಬಂದರೆ, ನಮ್ಮತ್ತೆ ತಮ್ಮ ಬರಿಯ ಕಾಲುಗಳನ್ನು ಚಾಚಿಕೊಂಡು, ಅದರ ಮೇಲೆ ಅಂಗೈ ಆಡಿಸುತ್ತಾ ಇರುತ್ತಿದ್ದರು. ಖಾಲಿ ಕಾಲಿಗೆ ಎಣ್ಣೆ ನೀವುತ್ತಿದ್ದ ಹಾಗೆ. ನನ್ನನ್ನು ಕಂಡ ಕೂಡಲೇ ಮಡಚಿಕೊಳ್ಳುತ್ತಿದ್ದರು.

ದಿನ ಕಳೆದಂತೆ ಇನ್ನೂ ಬಡವಾದರು. ಮಾತು ಕಡಿಮೆಯಾಯಿತು. “ನಂದು ಆತು” ಎನ್ನತೊಡಗಿದರು. ವಯಸ್ಸು ಎಂದು ಎಲ್ಲರೂ ಒಪ್ಪಿಕೊಂಡರು. ನಮ್ಮ ಮನೆಯವರು ಪದ್ಧತಿಯಂತೆ ಹೊನ್ನಾಳಿಗೆ ಹೋಗಿ, ಹಳೆ ಚೀಟಿ ತೋರಿಸಿ, “ಅದೇ ಕೊಡ್ರಿ” ಎಂದು ಬಿಳಿಯದನ್ನು ತಂದರು. ಜಗಳೂರಿನಿಂದ ಹಳದಿಯದು ಬಂತು. ಸುಸ್ತಿಗೆಂದು ಬೀಗರು ಇನ್ನೊಂದು ಡಬ್ಬಿ ಲೇಹ್ಯ ಕಳಿಸಿದರು. ನಾವು ಭಕ್ತಿಯಿಂದ ಎಲ್ಲವನ್ನೂ ನುಂಗಿಸಿದೆವು. ಒಂದು ಹೊತ್ತೂ ತಪ್ಪಿಸಲಿಲ್ಲ.

ಒಂದು ಬೆಳಿಗ್ಗೆ ಕೂಸಿಗೆ ನೀರು ಎರೆಯುತ್ತಿದ್ದೇನೆ, ಚೀರಾಟ ನಡೆದಿದೆ, ಗೋಡೆಯ ಆಚೆಯಿಂದ ಮಾತೇ ಇಲ್ಲ. “ಅತ್ತೇ” ಎಂದೆ. ಇಲ್ಲ. ಹೊರಗೆ ಬಂದು ನೋಡಿದರೆ ಮುಂಜಾನೆಯ ಬಿಸಿಲಿನಲ್ಲಿ ಕೂತಲ್ಲೇ ಕಣ್ಣು ಮುಚ್ಚಿದ್ದಾರೆ. ಉಸಿರಿತ್ತು. ಅಲ್ಲಾಡಿಸಿದ ಮೇಲೆ ಕಣ್ಣು ಬಿಟ್ಟು, “ನೀರು ಹದ ಐತೇನೆ?” ಎಂದರು.

ಇನ್ನು ನನಗೆ ತಡೆಯಲಾಗಲಿಲ್ಲ. “ಇವತ್ತು ಹೊನ್ನಾಳಿಗೆ ನಾವು ಮೂರೂ ಜನ ಹೋಗಾಣ್ರಿ, ಬರೀ ಚೀಟಿ ಅಲ್ಲ” ಎಂದೆ. ಡಾಕ್ಟರು ಏನೇನು ತಿನ್ನುತ್ತಾರೆಂದು ಕೇಳಿದರೆ ನನಗೆ ಹೇಳಲು ಬರಬೇಕಲ್ಲ? ಹೆಸರು ಬಾರದು. ಹಾಗಾಗಿ ಗೂಡಿನಲ್ಲಿದ್ದದ್ದನ್ನೆಲ್ಲ, ಬಾಟಲಿ, ಪೊಟ್ಟಣ, ಲೇಹ್ಯದ ಡಬ್ಬಿ ಸಮೇತ, ಒಂದು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡೆ. ಬಸ್ಸಿನಲ್ಲಿ ಆ ಗಂಟು ನನ್ನ ಮಡಿಲಲ್ಲಿ, ನಮ್ಮತ್ತೆಯ ತಲೆ ನನ್ನ ತೋಳಿನ ಮೇಲೆ. ನಾನು ಕೈ ಅಲ್ಲಾಡಿಸಲಿಲ್ಲ.

ಡಾಕ್ಟರು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. “ತುಂಬಾ ಇಳಿದೈತಲ್ರಿ. ಏನೇನು ಗುಳಿಗೆ ಕೊಡ್ತಾ ಇದೀರಿ?”

ನಾನು ಟವೆಲ್ಲು ಬಿಚ್ಚಿದೆ. “ಇದು ಹೊನ್ನಾಳಿದು. ಇದೂ ಹೊನ್ನಾಳಿದೇ, ಗುಲಾಬಿ ನೀರು. ಇದು ಚನ್ನಗಿರಿದು. ಇದು ಜಗಳೂರಿದು.”

“ನಾನು ಊರಿಗೆ ಔಷಧಿ ಕೊಡಲ್ಲಮ್ಮಾ, ಜನಕ್ಕೆ ಕೊಡ್ತೀನಿ” ಎಂದು ನಗುತ್ತಾ ಅವರು ಹಳದಿಯದನ್ನು ತೆಗೆದುಕೊಂಡರು. ಪೊಟ್ಟಣದ ಮೇಲಿದ್ದ ಬರಹ ಓದಿದರು. ನಗು ನಿಂತಿತು. ಬಿಳಿಯದನ್ನೂ ಹಳದಿಯದನ್ನೂ ಅಕ್ಕಪಕ್ಕ ಇಟ್ಟು ಹೇಳಿದರು, “ಇವೆರಡೂ ಒಂದೇ. ಕಂಪನಿ ಬ್ಯಾರೆ, ಬಣ್ಣ ಬ್ಯಾರೆ. ಒಳಗಿರೋ ಔಷಧಿ ಒಂದೇ. ದಿನಾ ಎರಡೆರಡು ಪಾಲು ತಗಳ್ತಾ ಇದಾರೆ ನಿಮ್ಮತ್ತೆ. ತಲೆ ಸುತ್ತದೆ ಇನ್ನೇನಾಗುತ್ತೆ? ಒಂದು ನಿಲ್ಲಿಸ್ರಿ. ಹಳದೀದು ಇವತ್ತಿಂದ ಬ್ಯಾಡ.”

ನನಗೆ ಒಮ್ಮೆಲೇ ಹಗುರಾಯಿತು, ಒಮ್ಮೆಲೇ ಭಯವೂ ಆಯಿತು. ಹಗುರಾದದ್ದು ಯಾಕೆಂದು ಹೇಳಬೇಕಿಲ್ಲ. ಭಯ ಏಕೆಂದರೆ ನಿಲ್ಲಬೇಕಾದದ್ದು ಮಗಳು ಕೊಟ್ಟದ್ದು, ನಿಲ್ಲಿಸಬೇಕಾದವಳು ಸೊಸೆ. ಅದೂ ಲಿಂಗಕ್ಕೆ ಅರ್ಪಿಸಿದ ಪೊಟ್ಟಣ, ಅರ್ಧಕ್ಕಿಂತ ಹೆಚ್ಚು ಉಳಿದದ್ದು.

ನಮ್ಮತ್ತೆ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. “ಬಿಡಾಕೆ ಬರಲ್ಲ ಡಾಕ್ಟ್ರೇ. ಪ್ರಸಾದ ಆಗೈತೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನಮ್ಮ ಮನೆಯವರು ವಿವರಿಸಿದರು. ಡಾಕ್ಟರು ಅತ್ತೆಯ ಕಡೆ ತಿರುಗಿ, “ಅಜ್ಜೀ, ನಂಗೆ ಶಾಸ್ತ್ರ ಗೊತ್ತಿಲ್ಲ. ಇದನ್ನ ತಗಂಡ್ರೆ ನೀವು ಎದ್ದು ನಿಲ್ಲಾಕಾಗಲ್ಲ, ಅಷ್ಟು ಗೊತ್ತು” ಎಂದರು.

ನಾನು ತಡೆಯಲಾರದೆ ಬಾಯಿ ಬಿಟ್ಟೆ. “ಅತ್ತೇ, ನಿಮ್ ಕೈ ಹೋಗಿಲ್ಲ. ಕೇಳಿದ್ರಲ್ಲ? ಕೈಗೆ ಏನೂ ಆಗಿಲ್ಲ. ಆ ಕೂಸು ದಿನಾ ನನ್ ಕಾಲ್ ಮ್ಯಾಲೆ ಅತ್ತು ಅತ್ತು ಸಾಯ್ತೈತೆ.”

ಅವರು ನನ್ನನ್ನೇ ನೋಡಿದರು. ಆಮೇಲೆ ಮಗನಿಗೆ ಹೇಳಿದರು, “ಹೊಳಿಗೆ ಕರ್ಕಂಡು ಹೋಗು.”

ಹೊನ್ನಾಳಿಯ ಹೊಳೆ, ತುಂಗಭದ್ರೆ, ಆ ಹೊತ್ತಿನಲ್ಲಿ ನಿದ್ದೆಗಣ್ಣಿನಲ್ಲಿ ಹರಿಯುತ್ತಿತ್ತು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಆಚೆ ದಡ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ನಮ್ಮತ್ತೆಯನ್ನು ಎರಡೂ ಕಡೆ ಹಿಡಿದು ನೀರಿನವರೆಗೆ ಇಳಿಸಿದೆವು. ಅವರು ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಗೆ ತೆಗೆದುಕೊಂಡರು. ಪೊಟ್ಟಣವನ್ನು ಇನ್ನೊಮ್ಮೆ ತೋರಿಸಿದರು. ಪೂಜೆಯಾದ ಪತ್ರೆ ಹೂವನ್ನು ನೀರಿಗೆ ಬಿಡುವುದಿಲ್ಲವೇ, ಹಾಗೆಯೇ ಒಂದೊಂದಾಗಿ ಹಳದಿ ಗುಳಿಗೆಗಳನ್ನು ಬಿಟ್ಟರು. ಅವು ಮುಳುಗುವ ಮೊದಲು ಸ್ವಲ್ಪ ಹೊಳೆದವು. ಪೊಟ್ಟಣದ ಕಾಗದವನ್ನು ಮಡಿಸಿ ಮಾತ್ರ ಸೆರಗಿಗೆ ಕಟ್ಟಿಕೊಂಡರು. ಅದರ ಮೇಲೆ ಮಗಳ ಕೈ ಮುಟ್ಟಿತ್ತಲ್ಲ.

“ಅವ್ವಾ, ಇವತ್ತು ಹೊಳ್ಯಾಗಿನ ಮೀನಿಗೆಲ್ಲ ತಲೆ ಸುತ್ತು” ಎಂದರು ನಮ್ಮ ಮನೆಯವರು.

“ತೇಲ್ಲಿ ಬಿಡು. ನಾನು ತೇಲಿದ್ದು ಸಾಕು” ಎಂದು ನಮ್ಮತ್ತೆ ನಕ್ಕರು. ಆ ನಗು ಕೇಳಿ ಎಷ್ಟೋ ದಿನವಾಗಿತ್ತು.

ಮೈ ಸರಿಹೋಗಲು ಸಮಯ ಹಿಡಿಯಿತು. ಮೊದಲು ಗೋಡೆ ಬಿಟ್ಟರು. ಆಮೇಲೆ ಬಾವಿಯ ತನಕ ಒಬ್ಬರೇ ಹೋಗಿ ಬಂದರು. ಅಷ್ಟರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಜಗಳೂರಿನಿಂದ ಗಿರಿಜ ಬಂದಳು. ಕೈಯಲ್ಲಿ ಕೂಸಿಗೆ ಕುಲಾವಿ, ಅವ್ವನಿಗೆ ಪೊಟ್ಟಣ. ನಾನು ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದೆ.

“ಅವ್ವಾ, ಗುಳಿಗೆ ತಂದೀನಿ. ದೇವರ ಕ್ವಾಣೆಗೆ ಇಡ್ಲಾ?”

“ನಿಲ್ಲು, ನಿಲ್ಲು!” ನಮ್ಮತ್ತೆ ಕೂಗಿದ ರಭಸಕ್ಕೆ ಗಿರಿಜ ಹೊಸ್ತಿಲ ಮೇಲೆಯೇ ಒಂದು ಕಾಲು ಎತ್ತಿಕೊಂಡು ನಿಂತಳು. “ಒಳಗೆ ತರಬ್ಯಾಡ ಅದನ್ನ. ಲಿಂಗಕ್ಕೆ ಕಾಣಿಸಿದ್ರೆ ಮತ್ತೆ ಹೊನ್ನಾಳಿ ತಂಕ ಹೋಗ್ಬೇಕು ನಾನು. ಚೀಲದಾಗೆ ಇರ್ಲಿ.”

ಗಿರಿಜ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಗೊತ್ತಿದ್ದದ್ದೇ. “ಅತ್ತಿಗೆ ನಿಲ್ಸಿದ್ರೇನು?”

“ಅವ್ಳ್ಯಾಕೆ ನಿಲ್ಲಿಸ್ತಾಳೆ? ನಾನೇ ನಿಲ್ಸಿದೆ, ನನ್ ಕೈಯಾರೆ ಹೊಳಿಗೆ ಬಿಟ್ಟೆ. ನಿಮ್ಮಣ್ಣ ತರಾದೂ ಅದೇ ಗುಳಿಗೆಯಂತೆ, ನೀನು ತರಾದೂ ಅದೇ ಅಂತೆ. ಇಬ್ರೂ ಒಂದೇ ತಂದ್ರೆ ನಾನು ಎಷ್ಟು ಅಂತ ನುಂಗ್ಲಿ? ನೀನು ಬಾ ಸಾಕು. ಬರೀ ಕೈಯಾಗೆ ಬಾ.”

ಗಿರಿಜಳ ಕಣ್ಣಲ್ಲಿ ನೀರು ಬಂತು. ಪೊಟ್ಟಣವನ್ನು ಚೀಲಕ್ಕೆ ಹಾಕಿದಳು. ನನ್ನ ಕಡೆ ನೋಡಲಿಲ್ಲ, ಆದರೆ ಅಡುಗೆಮನೆಗೆ ಬಂದು ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಹೋಳಿಗೆ ಲಟ್ಟಿಸಲು ಕೂತಳು.

ಮಾರನೆಯ ಬೆಳಿಗ್ಗೆ ಹಂಡೆಯ ನೀರು ಕಾದಿತ್ತು. ನಾನು ಮಣೆಯ ಮೇಲೆ ಕೂರಲು ಸೀರೆ ಎತ್ತಿ ಕಟ್ಟುತ್ತಿದ್ದೆ. ನಮ್ಮತ್ತೆ ಬಂದು ಬಚ್ಚಲ ಬಾಗಿಲಲ್ಲಿ ನಿಂತರು. ಗೋಡೆ ಹಿಡಿದಿರಲಿಲ್ಲ.

“ಏಳೇ ಆಚೆಗೆ.”

ಎದ್ದೆ. ಅವರು ಕೂತರು, ಕಾಲು ಚಾಚಿದರು. ಹಂಡೆಯ ಕಡೆ ಬಗ್ಗಿ ನೀರಿನ ಹದ ನೋಡಿದರು. ತಲೆ ಎತ್ತಿದರು. ನಾನು, ಸುಮಿತ್ರ, ಗಿರಿಜ, ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದೆವು. “ಏನು ನೋಡ್ತೀರಿ ಗುಬ್ಬಚ್ಚಿಗಳಂಗೆ? ತರ್ರಿ ಇಲ್ಲಿ” ಎಂದರು. ಸುಮಿತ್ರ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದಳು.

ಕೂಸು ಚೀರಿತು. ಎಣ್ಣೆಯ ಕೈ ಬೆನ್ನ ಮೇಲೆ ಇಳಿಯಿತು, ಏರಿತು. ಆವಿ ಎದ್ದಿತು. ನೀರು ಅಂಗೈಯಿಂದ ಜಾರಿ ಜಾರಿ ಹರಿಯಿತು. ಚೀರುವುದು ಕುಂಯ್‌ಗುಟ್ಟುವುದಾಯಿತು, ಕುಂಯ್‌ಗುಟ್ಟುವುದು ನಿಂತಿತು. ಆವಿಯೊಳಗೆ ಇಬ್ಬರದೂ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮರಿಮಗಳು ಯಾರು, ಮುತ್ತಜ್ಜಿ ಯಾರು, ಯಾರಿಗೆ ಯಾರು ನೀರು ಎರೆಯುತ್ತಿದ್ದಾರೆ ಎಂದು ಒಂದು ಕ್ಷಣ ನನಗೆ ಮಸುಕಾಯಿತು. ಕೂಸು ಆಕಳಿಸಿತು.

“ಮೂಗು ನಿಮ್ಮ ಬೀಗರದು. ಇರ್ಲಿ, ತಿದ್ದಾಣ” ಎಂದರು ನಮ್ಮತ್ತೆ.

ಲೋಬಾನದ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ, ನಡುಮನೆಯಲ್ಲಿ ಮಲಗಿಸಿದೆವು. ನಮ್ಮತ್ತೆ ಕೂಸಿನ ಪಕ್ಕದಲ್ಲೇ ಚಾಪೆಯ ಮೇಲೆ ಒರಗಿ, ಅದರ ಹೊಟ್ಟೆಯ ಮೇಲೆ ಕೈಯಿಟ್ಟರು. ಹಾಗೆಯೇ ನಿದ್ದೆ ಹೋದರು. ಗೋಡೆಗೆ ಒರಗಿ ಸುಮಿತ್ರಳೂ, ಅವಳ ಹೆಗಲಿಗೆ ಒರಗಿ ಗಿರಿಜಳೂ ಕಣ್ಣು ಮುಚ್ಚಿದರು. ಹೊಗೆ ಬಿಸಿಲುಕೋಲಿನಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಆ ಮನೆ ಇಡೀ ಒಂದೇ ಉಸಿರಿನಲ್ಲಿ ಏರಿ ಇಳಿಯುತ್ತಿತ್ತು.

ನನಗೆ ಆಗ ನೆನಪಾಯಿತು. ನೀರು ಎರೆಯುವ ಸಂಭ್ರಮದಲ್ಲಿ ಬೆಳಗಿನ ಬಿಳಿ ಗುಳಿಗೆ ಕೊಟ್ಟಿರಲಿಲ್ಲ. ಬಿ.ಪಿ.ಗೆ ಇನ್ನು ಉಳಿದಿರುವುದು ಅದೊಂದೇ, ಅದನ್ನು ಮಾತ್ರ ತಪ್ಪಿಸಬೇಡಿರೆಂದು ಡಾಕ್ಟರು ಒತ್ತಿ ಹೇಳಿದ್ದರು. ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು ಹತ್ತಿರ ಹೋದೆ. ಕರೆಯಲು ಬಾಯಿ ತೆರೆದೆ. ಅವರ ಹೆಬ್ಬೆರಳನ್ನು ಕೂಸು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಅವರನ್ನು ಎಬ್ಬಿಸಿದರೆ ಕೂಸು ಏಳುತ್ತದೆ, ಕೂಸು ಎದ್ದರೆ ಮನೆಯೇ ಏಳುತ್ತದೆ.

ಬಾಯಿ ಮುಚ್ಚಿಕೊಂಡೆ. ಅವರ ತಲೆಯ ಹತ್ತಿರ ಸದ್ದಾಗದ ಹಾಗೆ ಕೂತೆ, ಲೋಟ ತುಳುಕದ ಹಾಗೆ ಹಿಡಿದುಕೊಂಡು. ಎದ್ದ ಕೂಡಲೇ ಕೊಟ್ಟರಾಯಿತು.